ಹೆಣ್ಣು ಹೆಣ್ಣಿನ ಪ್ರೀತಿಯ ಚಿತ್ರವನ್ನು ಊರಿನ ಹೆಂಗಸರಿಗೆ ತೋರಿಸಿದವರು ಅನುಭವ ತಿಳಿಸಿ

ಗೋಣಿಕೊಪ್ಪಲಿನ ಓದುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಹಿಳಾ ಓದುಬಳಗದಲ್ಲಿ 22 ಜನರಿದ್ದೇವೆ. ಪುತ್ತರಿ ಸುಗ್ಗಿಹಬ್ಬ ಕಳೆದ ಮೇಲೆ ಹೆಣ್ಣುಮಕ್ಕಳ ಬದುಕಿನ ಬಗೆಗೆ ಒಂದು ಚಿತ್ರ ತೋರಿಸೋಣವೆಂದು ಮಾತಾದಾಗ, ಇಬ್ಬರು ಹೆಂಗಸರ ನಡುವಿನ ಪ್ರೀತಿಯ ಕಥೆಯೇ ಆಗಲಿ ಎಂದು ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು ಕೇಳಿದಳು. ಬೇಡವೆಂದು ಯಾರೂ ಹೇಳಲಿಲ್ಲ, ಯಾವ ಚಿತ್ರವೆಂದು ಯಾರಿಗೂ ತಿಳಿಯಲೂ ಇಲ್ಲ. ಎಪ್ಪತ್ತು ದಾಟಿದವರಿದ್ದಾರೆ, ಇಂಗ್ಲಿಷ್ ಓದಲು ಬಾರದವರಿದ್ದಾರೆ. ಕೈಯಲ್ಲಿರುವ ಹಣ 6,000 ರೂಪಾಯಿ. ಇಂಥ ಪ್ರದರ್ಶನ ಮಾಡಿದವರು, ಇಲ್ಲವೇ ಮನೆಯವರೊಡನೆ ಕುಳಿತು ನೋಡಿದವರು ದಯವಿಟ್ಟು ತಿಳಿಸಿ.

ವಿರಾಜಪೇಟೆಯ ನಿವೃತ್ತ ಶಿಕ್ಷಕಿ

ನಾನು ತೋರಿಸಿದ್ದು ದೀಪಾ ಮೆಹ್ತಾ ಅವರ ‘ಫೈರ್’. ಮತ್ತೆ ಅವಕಾಶ ಸಿಕ್ಕರೂ ಅದನ್ನೇ ತೋರಿಸುತ್ತೇನೆ. 1998ರ ಡಿಸೆಂಬರಿನಲ್ಲಿ ಮುಂಬೈ ಮತ್ತು ದೆಹಲಿಯ ಚಿತ್ರಮಂದಿರಗಳಿಗೆ ವಿರೋಧಿಗಳು ನುಗ್ಗಿ ಅದರ ಪ್ರದರ್ಶನ ನಿಲ್ಲಿಸಿದ ಸುದ್ದಿಯನ್ನು ನಾವು ಶಾಲೆಯ ಕೊಠಡಿಯಲ್ಲಿ ಒಬ್ಬರ ಭುಜದ ಮೇಲಿಂದ ಒಬ್ಬರು ಬಾಗಿ ಓದಿದ್ದೆವು. ಮುಂದಿನ ಫೆಬ್ರವರಿಯಲ್ಲಿ ಕತ್ತರಿ ಬೀಳದೆ ಚಿತ್ರ ಮತ್ತೆ ತೆರೆಕಂಡಿತು ಎಂದು ಓದಿದ ದಿನವೇ, ಎಂದಾದರೂ ಇದನ್ನು ನಮ್ಮ ಹೆಂಗಸರಿಗೆ ತೋರಿಸಬೇಕೆಂದು ನಿಶ್ಚಯಿಸಿದ್ದೆ.

ಖರ್ಚಿನ ವಿಷಯ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಭಾಂಗಣದ ಬಾಡಿಗೆ 3,500, ಮುಂಗಡ 2,000. ಪ್ರೊಜೆಕ್ಟರಿಗೆ 1,500, ಸ್ಪೀಕರಿಗೆ 800. ಪ್ರದರ್ಶನಕ್ಕೆ ಎರಡು ದಿನ ಇರುವಾಗ ಸಭಾಂಗಣದ ಕಾರ್ಯದರ್ಶಿ ಫೋನ್ ಮಾಡಿ ಕಥೆ ಏನೆಂದು ಕೇಳಿದರು. ಒಂದೇ ಮನೆಯ ಇಬ್ಬರು ಓರಗಿತ್ತಿಯರ ಕಥೆ ಎಂದೆ. ಸಂಜೆಯೊಳಗೆ ಬೇರೆ ಯಾರೋ ವಿವರ ತಿಳಿಸಿದ್ದರು, ಕಟ್ಟಡದಲ್ಲಿ ದುರಸ್ತಿ ಇದೆ ಎಂಬ ಉತ್ತರ ಬಂತು. ಆ 2,000 ರೂಪಾಯಿ ಇಂದಿಗೂ ಹಿಂದಿರುಗಿಲ್ಲ. ಕೊನೆಗೆ ಗೆಳತಿಯೊಬ್ಬಳ ಕಾಫಿ ಕಣದ ಪಕ್ಕದ ಗೋದಾಮಿನಲ್ಲಿ, ಮೂಟೆಗಳನ್ನು ಒಂದು ಮೂಲೆಗೆ ಸರಿಸಿ ಪರದೆ ಕಟ್ಟಿದೆವು. ವಿದ್ಯುತ್ತು ನೆಚ್ಚುವಂತಿರಲಿಲ್ಲವಾದ್ದರಿಂದ ಜನರೇಟರಿಗೆ 1,800, ಡೀಸೆಲ್ ಒಂಬತ್ತು ಲೀಟರ್ ಬೇರೆ. ಅದರ ಸದ್ದಿಗೆ ಮಾತು ಕೇಳಿಸದೆ, ತೋಟದ ಆಚೆ ತುದಿಗೆ ಇಡಲೆಂದು 60 ಮೀಟರ್ ತಂತಿ ತರಿಸಬೇಕಾಯಿತು.

ಚಿತ್ರದ ಮಾತು ಇಂಗ್ಲಿಷಿನಲ್ಲಿತ್ತು. ನಾನು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಗಂಡ ಸ್ವಾಮೀಜಿಯ ಮಾತು ಕಟ್ಟಿಕೊಂಡು 13 ವರ್ಷದಿಂದ ಬ್ರಹ್ಮಚರ್ಯ ಹಿಡಿದಿರುವಾಗ ಹೆಂಡತಿ ರಾಧಾ ಅವನ ಸಂಯಮಕ್ಕೆ ಪರೀಕ್ಷೆಯ ವಸ್ತುವಾಗಿ ಪಕ್ಕದಲ್ಲಿ ಮಲಗಬೇಕಾಗುವ ದೃಶ್ಯ ಬಂದಾಗ, ಗೋದಾಮಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. 31 ಜನ ಬಂದಿದ್ದರು. ನಡುವೆ ಎದ್ದುಹೋದವರು ನಾಲ್ವರು ಮಾತ್ರ.

ಸೋಮವಾರಪೇಟೆ, ಅಡಿಬರಹ ಮಾಡಿದವರಲ್ಲಿ ಒಬ್ಬಳು

ಶಿಕ್ಷಕಿಯವರ ಶ್ರಮಕ್ಕೆ ಗೌರವವಿದೆ. ಆದರೆ ಪರದೆಯ ಪಕ್ಕ ನಿಂತು ಕಥೆ ಹೇಳುವ ಕ್ರಮವನ್ನು ನಾನು ಒಪ್ಪುವುದಿಲ್ಲ. ರಾಧಾ ಮತ್ತು ಸೀತಾ ಒಬ್ಬರನ್ನೊಬ್ಬರು ಮುಟ್ಟುವ ಹೊತ್ತಿನಲ್ಲಿ ನೀವು ಏನು ಹೇಳಿದಿರಿ, ಏನು ನುಂಗಿದಿರಿ? ತಾವು ಏನೆಂಬುದನ್ನು ಹೇಳಲು ನಮ್ಮ ಭಾಷೆಯಲ್ಲಿ ಪದವೇ ಇಲ್ಲವೆಂದು ಸೀತಾ ಅದೇ ಚಿತ್ರದಲ್ಲಿ ಹೇಳುತ್ತಾಳೆ. ಆ ಮಾತಿಗೆ ಬಂದಾಗ ನೀವು ಯಾವ ಪದ ಬಳಸಿದಿರಿ ಎಂದು ತಿಳಿಯಬಯಸುತ್ತೇನೆ.

ನಾವು ನಾಲ್ವರು ಆರಿಸಿದ್ದು 2019ರ ಫ್ರೆಂಚ್ ಚಿತ್ರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’. ಸೆಲೀನ್ ಸಿಯಾಮ ಎಂಬ ಮಹಿಳೆ ಬರೆದು ನಿರ್ದೇಶಿಸಿದ್ದು, ಕಾನ್ ಉತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಪಡೆದದ್ದು. ಹುಡುಗಿಯ ಚಿತ್ರ ಬರೆಸಿ ಮಿಲಾನಿನ ವರನ ಕಡೆಗೆ ಕಳಿಸಬೇಕು, ಅವಳು ಕೂರಲು ಒಪ್ಪುವುದಿಲ್ಲ, ಕಲಾವಿದೆ ಕದ್ದು ನೋಡಿ ಬರೆಯಬೇಕು. ಜಾತಕದೊಂದಿಗೆ ಫೋಟೊ ಹೋದ ಮನೆಗಳ ನಮಗೆ ಇದರಲ್ಲಿ ವಿವರಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ.

ಪರದೆಯ ಕೆಳಗೆ ಕನ್ನಡದಲ್ಲಿ ಮೂಡುವ ಅಡಿಬರಹಕ್ಕೆ ಏಳು ವಾರ ಹಿಡಿಯಿತು. ಮಳೆಗಾಲದ ಏಳು ವಾರ. ಅದರಲ್ಲಿ ಹನ್ನೊಂದು ದಿನ ವಿದ್ಯುತ್ತೇ ಇರಲಿಲ್ಲ. ‘ಸಲಿಂಗಕಾಮ’ ಎಂಬ ಪದದ ಮೇಲೆ ನಮ್ಮೊಳಗೇ ಜಗಳವಾಗಿ ಒಬ್ಬರು ಒಂದು ವಾರ ಬರಲಿಲ್ಲ. ಗಂಡಹೆಂಡಿರ ಪ್ರೀತಿಯನ್ನು ಯಾರೂ ಕಾಮವೆಂದು ಕರೆದು ಮುಗಿಸುವುದಿಲ್ಲ, ಇವರದನ್ನು ಮಾತ್ರ ಏಕೆ ಹಾಗೆ ಕರೆಯಬೇಕೆಂಬುದು ಅವರ ವಾದ. ಅವರೇ ಗೆದ್ದರು, ಕರಪತ್ರದಲ್ಲಿ ‘ಸಲಿಂಗ ಪ್ರೇಮ’ ಎಂದು ಬರೆದೆವು. ಎಲ್ಲ ಮುಗಿದು ಟಿವಿಗೆ ಜೋಡಿಸಿದರೆ ಒತ್ತಕ್ಷರಗಳೆಲ್ಲ ಒಡೆದು ಅಕ್ಷರಗಳ ಜಾಗದಲ್ಲಿ ಚೌಕಗಳು ಮೂಡಿದವು. ಮೈಸೂರಿನಿಂದ ಹುಡುಗನೊಬ್ಬನನ್ನು ಕರೆಸಿ, ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚು ಹಾಕಿಸಲು 2,500 ರೂಪಾಯಿ ಕೊಟ್ಟೆವು. ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಕೇಳಿ ವಿತರಕರಿಗೆ ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಮನೆಯಲ್ಲೇ ಒಂಬತ್ತು ಜನ ಕುಳಿತು ನೋಡಿದೆವು. ಮನೆಗೆಲಸದ ಸೋಫಿಯ ಗರ್ಭ ತೆಗೆಸಲು ಉಳಿದಿಬ್ಬರೂ ಜೊತೆಗೆ ಹೋಗುವ ಭಾಗ ಬಂದಾಗ ನನ್ನ ಅತ್ತೆ ಎದ್ದು ಒಳಗೆ ಹೋದರು. ಕೋಪ ಬಂತೆಂದುಕೊಂಡೆ. ತಮ್ಮ ತಂಗಿ 1974ರಲ್ಲಿ ಯಾರೂ ಜೊತೆಗೆ ಬಾರದೆ ಒಬ್ಬಳೇ ಹೋಗಿದ್ದಳೆಂದು ರಾತ್ರಿ ಊಟವಾದ ಮೇಲೆ ಹೇಳಿದರು.

ವಿರಾಜಪೇಟೆಯ ನಿವೃತ್ತ ಶಿಕ್ಷಕಿ

ನಾನು ಏನನ್ನೂ ನುಂಗಲಿಲ್ಲ. ಆ ಹೊತ್ತಿನಲ್ಲಿ ಮಾತು ನಿಲ್ಲಿಸಿದೆ, ಏಕೆಂದರೆ ಕಣ್ಣಿಗೆ ಕಾಣುವುದನ್ನು ಅನುವಾದಿಸಬೇಕಾಗಿಲ್ಲ. ಒಂಬತ್ತು ಜನರನ್ನು ಮನೆಯೊಳಗೆ ಕೂರಿಸಿ ಬಾಗಿಲು ಹಾಕಿಕೊಂಡವರು, ಊರ ನಡುವೆ ಪರದೆ ಕಟ್ಟಿದವಳಿಗೆ ಕ್ರಮ ಕಲಿಸುವುದು ನನಗೆ ನೋವು ತಂದಿದೆ. ಅಕ್ಷರ ಓದಲು ಬಾರದ ಹೆಂಗಸರಿಗೆ ನಿಮ್ಮ ಏಳು ವಾರದ ಅಡಿಬರಹ ಏನು ಕೊಟ್ಟಿತೆಂದು ನೀವೂ ಹೇಳಬೇಕು.

ಕುಟ್ಟದಿಂದ

ಇಬ್ಬರೂ ದಯವಿಟ್ಟು ಸಮಾಧಾನದಿಂದ ಕೇಳಿ. ಅಡಿಬರಹಕ್ಕಿಂತ ಮೊದಲು ಚಿತ್ರದ ಕೊನೆ ಏನೆಂದು ನೋಡಬೇಕು. ಈ ಮಾತನ್ನು ನಾನು ಮೂವತ್ತೆಂಟು ವರ್ಷ ಹೊತ್ತುಕೊಂಡು ಬಂದಿದ್ದೇನೆ.

ಪದ್ಮರಾಜನ್ ಅವರ ‘ದೇಶಾಡನಕ್ಕಿಳಿ ಕರಯಾರಿಲ್ಲ’ 1986ರ ಮಲಯಾಳಂ ಚಿತ್ರ. ಮಾನಂತವಾಡಿಯಲ್ಲಿ ಅದನ್ನು ನೋಡಲು ನಾನು ಮತ್ತು ನನ್ನ ಗೆಳತಿ ಮನೆಯಲ್ಲಿ ಸುಳ್ಳು ಹೇಳಿ ತೋಲ್ಪೆಟ್ಟಿಯ ಮೂಲಕ ಬಸ್ಸಿನಲ್ಲಿ ಹೋಗಿದ್ದೆವು. ಇಬ್ಬರಿಗೂ 17 ವರ್ಷ. ಶಾಲೆಯ ಪ್ರವಾಸದಿಂದ ತಪ್ಪಿಸಿಕೊಂಡು ಹೋಗುವ ಸ್ಯಾಲಿ ಮತ್ತು ನಿಮ್ಮಿಯ ಕಥೆ ಅದು. ಚಿತ್ರದಲ್ಲಿ ಯಾರೂ ಅವರ ಸಂಬಂಧಕ್ಕೆ ಹೆಸರಿಡುವುದಿಲ್ಲ, ಆದರೂ ಮೊದಲರ್ಧ ಮುಗಿಯುವಷ್ಟರಲ್ಲಿ ನಮ್ಮ ಕೈಗಳು ಕತ್ತಲಲ್ಲಿ ಸೇರಿದ್ದವು. ಕೊನೆಯಲ್ಲಿ ಇಬ್ಬರೂ ಸತ್ತಿರುತ್ತಾರೆ. ಹಿಂದಿರುಗುವ ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕುಳಿತೆವು. ಮರುವರ್ಷ ಅವಳಿಗೆ ಕಣ್ಣೂರಿನ ಕಡೆಗೆ ಮದುವೆಯಾಯಿತು, ನನಗೆ ಇಲ್ಲೇ. ಅವಳ ಪತ್ರ ಬರಲಿಲ್ಲ, ನಾನೂ ಬರೆಯಲಿಲ್ಲ. ಚಿತ್ರ ಶ್ರೇಷ್ಠವಾದದ್ದೆಂದು ಬಲ್ಲವರು ಹೇಳುತ್ತಾರೆ, ಇರಬಹುದು. ನಮಗಿಬ್ಬರಿಗೆ ಅದು ಕೊಟ್ಟದ್ದು ಹೆದರಿಕೆ.

ಲಿಜಿ ಪುಲ್ಲಪ್ಪಳ್ಳಿ ಅವರ ‘ಸಂಚಾರಂ’ 2004ರಲ್ಲಿ ಬಂತು. ಅದನ್ನು ನಾನು ನೋಡಿದ್ದು ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ, ಒಬ್ಬಳೇ, ಕಳೆದ ಮಳೆಗಾಲದಲ್ಲಿ. ಅದರಲ್ಲಿಯೂ ಮನೆಯವರು ಒಬ್ಬಳಿಗೆ ಮದುವೆ ಗೊತ್ತುಮಾಡುತ್ತಾರೆ, ಆದರೆ ಕಿರಣ್ ಎಂಬ ಹುಡುಗಿ ಪ್ರಪಾತದ ಅಂಚಿನವರೆಗೆ ಹೋಗಿ ಹಿಂದಕ್ಕೆ ಬರುತ್ತಾಳೆ. ಆ ಒಂದು ದೃಶ್ಯವನ್ನು ನಾನು ಐದು ಬಾರಿ ಹಾಕಿ ನೋಡಿದೆ. ನಿಮ್ಮ ಬಳಗದ ಆ ಕಿರಿಯ ಹುಡುಗಿ ಏಕೆ ಈ ಚಿತ್ರ ಕೇಳಿದಳೆಂದು ನಿಮಗೆ ಗೊತ್ತಿಲ್ಲ. ಸಾಯುವ ಚಿತ್ರವನ್ನು ಅವಳ ಮುಂದೆ ಇಡಬೇಡಿ.

ಮಡಿಕೇರಿಯ ಮಾಜಿ ಸೈನಿಕ

ಅಕ್ಕಂದಿರು ಅನ್ಯಥಾ ಭಾವಿಸಬಾರದು. ಫ್ರೆಂಚ್, ಮಲಯಾಳಂ ಎಂದು ಹುಡುಕುವ ಮುನ್ನ ಪುಟ್ಟಣ್ಣ ಕಣಗಾಲರ 1973ರ ‘ಎಡಕಲ್ಲು ಗುಡ್ಡದ ಮೇಲೆ’ ಇದೆ. ಕಾದಂಬರಿ ಬರೆದ ಭಾರತೀಸುತರು ನಮ್ಮ ಕೊಡಗಿನವರು. ಯುದ್ಧದಲ್ಲಿ ಗಾಯಗೊಂಡು ಬಂದವನ ಹೆಂಡತಿಯ ಆಸೆಯನ್ನು ಅಷ್ಟು ಹಿಂದೆಯೇ ಹೇಳಿದ ಚಿತ್ರ. ನಾನು 19 ವರ್ಷ ಗಡಿಯಲ್ಲಿದ್ದವನು. ಎರಡು ವರ್ಷಕ್ಕೊಮ್ಮೆ ಮನೆಗೆ ಬಂದಾಗ ನನ್ನ ಹೆಂಡತಿ ಏನನ್ನು ಹೇಳದೆ ಉಳಿಸಿಕೊಂಡಿದ್ದಳೆಂದು ಆ ಚಿತ್ರವನ್ನು ನೋಡಿದ ಮೇಲೆ ಯೋಚಿಸಿದೆ. ‘ಶರಪಂಜರ’ವೂ ಇದೆ. ಹಿರಿಯರಿಗೆ ಇವುಗಳಿಂದ ಆರಂಭಿಸುವುದು ಸೂಕ್ತ.

ಕುಟ್ಟದಿಂದ

ಅಣ್ಣ, ನಿಮ್ಮ ಮಾತಿನಲ್ಲಿ ಪ್ರಾಮಾಣಿಕತೆ ಇದೆ, ಆದರೆ ಕೇಳಿದ ಪ್ರಶ್ನೆ ಅದಲ್ಲ. ‘ಶರಪಂಜರ’ದ ಕಾವೇರಿ ಕೊನೆಗೆ ಮತ್ತೆ ಹುಚ್ಚಿಯಾಗುತ್ತಾಳೆ. ಕಲ್ಪನಾ ಅವರ ಅಭಿನಯಕ್ಕೆ ನಾನೂ ಅತ್ತಿದ್ದೇನೆ. ಮುರಿದುಹೋಗುವ ಹೆಂಗಸರನ್ನು ನೋಡಿ ಅಳುವುದರಲ್ಲಿ ನಮ್ಮ ತಲೆಮಾರಿಗೆ ಸಾಕಷ್ಟು ಅಭ್ಯಾಸವಾಗಿದೆ.

ನಾಪೋಕ್ಲುವಿನ ತಾಯಿ

ಕೊನೆ ಚೆನ್ನಾಗಿದ್ದರೆ ಸಾಕೆನ್ನುವವರಿಗೆ ನನ್ನ ಅನುಭವ ಹೇಳಬೇಕು. ಬೆಂಗಳೂರಿನಲ್ಲಿರುವ ಮಗಳು 2022ರಲ್ಲಿ ಊರಿಗೆ ಬಂದು, ‘ಬಧಾಯಿ ದೋ’ ಎಂಬ ಹಿಂದಿ ಚಿತ್ರವನ್ನು ನನ್ನ ಮತ್ತು ಅವಳ ಅಪ್ಪನ ಜೊತೆ ಕುಳಿತು ನೋಡಿದಳು. ಅದರಲ್ಲಿ ಪೊಲೀಸ್ ಹುಡುಗನಿಗೆ ಗಂಡಸಿನ ಮೇಲೆ ಪ್ರೀತಿ, ವ್ಯಾಯಾಮ ಶಿಕ್ಷಕಿ ಸುಮಿಗೆ ಹೆಂಗಸಿನ ಮೇಲೆ ಪ್ರೀತಿ. ಮನೆಯವರ ಕಾಟ ತಪ್ಪಿಸಲು ಇಬ್ಬರೂ ಹೆಸರಿಗೆ ಮದುವೆಯಾಗುತ್ತಾರೆ. ಚಿತ್ರ ಮುಗಿದಾಗ ಮಗಳು ಟಿವಿ ಆರಿಸಿ, ನಾನು ಸುಮಿ ಎಂದಳು.

ಅಷ್ಟರಲ್ಲಿ ಅವಳ ಮದುವೆಗೆ ಗಂಡು ಗೊತ್ತಾಗಿತ್ತು. ಕಲ್ಯಾಣ ಮಂಟಪಕ್ಕೆ ಕೊಟ್ಟ 40,000 ಮುಂಗಡ ಹೋಯಿತು. ಅಡುಗೆಯವರಿಗೆ ಕೊಟ್ಟ 15,000ದಲ್ಲಿ 6,000 ಹಿಂದಕ್ಕೆ ಬಂತು. ಮಾಡಿಸಿದ ಪತ್ತಾಕ್ ಸರ ಹಾಗೆಯೇ ಪೆಟ್ಟಿಗೆಯಲ್ಲಿದೆ. ನಮ್ಮ ಒಕ್ಕದ, ಎಂದರೆ ಕುಲದ, ಹಿರಿಯರಿಗೆ ಕಾರಣ ಹೇಳಲು ಆರು ಮನೆಗೆ ಹೋದೆವು, ಆರು ಮನೆಯಲ್ಲಿಯೂ ಬೇರೆ ಬೇರೆ ಸುಳ್ಳು ಹೇಳಿದೆವು. ಇಷ್ಟನ್ನೂ ತಡೆದುಕೊಂಡೆ. ತಡೆಯಲಾಗದ್ದು ಮುಂದಿನದು. ಮೂರು ತಿಂಗಳು ಮಾತಾಡದಿದ್ದ ನನ್ನ ಯಜಮಾನರು ಒಂದು ದಿನ ಬೆಳಿಗ್ಗೆ, ಆ ಚಿತ್ರದಲ್ಲಿ ಇದ್ದಂಥ ಹುಡುಗನೊಬ್ಬನನ್ನು ನಾವೂ ಹುಡುಕೋಣ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೆಣ್ಣುಮಕ್ಕಳು ಹೇಗೆ ಸಿಕ್ಕಿಬಿದ್ದಿದ್ದಾರೆಂದು ಚಿತ್ರ ತೋರಿಸಿದ್ದನ್ನು ಅವರು ದಾರಿ ಎಂದು ತಿಳಿದರು. ಹೆಸರಿನ ಮದುವೆಯಿಂದ ಸುಮಿ ಎಷ್ಟು ಕಷ್ಟಪಟ್ಟಳೆಂದು ತೋರಿಸಲು ಅದೇ ಚಿತ್ರವನ್ನು ಅವರೊಂದಿಗೆ ಇನ್ನೆರಡು ಬಾರಿ ನೋಡಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಇಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲವೆಂದು ಟಿವಿಯಲ್ಲಿ ಬಂದಾಗ, ಮಗಳಿಗೆ ಮೊದಲು ಫೋನ್ ಮಾಡಿದವರು ಅವರೇ.

ಆದ್ದರಿಂದ ಚಿತ್ರ ಮುಗಿದ ಮೇಲೆ ಒಂದು ಗಂಟೆ ಮಾತಿಗೆ ಇಡಿ. ಕಾಫಿ ಕೊಟ್ಟು ಕಳಿಸಿಬಿಡಬೇಡಿ.

ಸಿದ್ದಾಪುರ, ಲೈನ್ ಮನೆಯಲ್ಲಿ ಬೆಳೆದವಳು

ಇಷ್ಟೆಲ್ಲ ಓದಿದೆ. ಸಭಾಂಗಣ, ಮಂಟಪ, ಮುಂಗಡ. ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸರನ್ನು ನಿಮ್ಮಲ್ಲಿ ಯಾರಾದರೂ ಕರೆದಿದ್ದೀರಾ? ಶಿಕ್ಷಕಿಯವರೇ, ಆ ಗೋದಾಮಿನ ಮೂಟೆ ಸರಿಸಿದವರು ಚಿತ್ರ ನೋಡಲು ಒಳಗೆ ಕುಳಿತಿದ್ದರೇ?

ತೋಟದ ಕೆಲಸದವರ ಸಾಲುಮನೆಗಳಾದ ನಮ್ಮ ಲೈನಿನ ಕೊನೆಯ ಕೋಣೆಯಲ್ಲಿ ಇಬ್ಬರು ಹೆಂಗಸರು ನನಗೆ ತಿಳಿವು ಬಂದಾಗಿನಿಂದ ಒಟ್ಟಿಗೆ ಇದ್ದರು. ಒಂದೇ ಒಲೆ, ಒಂದೇ ಕಂಬಳಿ. ಎಲ್ಲರೂ ಅಕ್ಕ ತಂಗಿ ಎನ್ನುತ್ತಿದ್ದರು, ಅವರು ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅವರು ಮಾದಾಪುರದ ಕಡೆಯ ತೋಟಕ್ಕೆ ಕೆಲಸಕ್ಕೆ ಹೋಗಿದ್ದರು. ನಿರಾಶ್ರಿತರ ಶಿಬಿರದಲ್ಲಿ ಕುಟುಂಬಕ್ಕೊಂದು ಹೆಸರು ಬರೆಯುವವರು, ಇವರನ್ನು ಕುಟುಂಬವೆಂದು ಬರೆಯಲಾಗದು, ರಕ್ತಸಂಬಂಧ ಇಲ್ಲ ಎಂದರು. ಒಬ್ಬರ ಹೆಸರು ಪಟ್ಟಿಗೆ ಬಂತು, ಇನ್ನೊಬ್ಬರದು ಬರಲಿಲ್ಲ. ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧ ಅಪರಾಧವಲ್ಲವೆಂದು 377ನೇ ಕಲಮಿನ ತೀರ್ಪು ಬಂದ ದಿನ ನನ್ನ ಫೋನಿನಲ್ಲಿ ಓದಿ ಅವರಿಗೆ ಹೇಳಿದೆ. ಹಾಗಾದರೆ ಪಟ್ಟಿಗೆ ಇವಳ ಹೆಸರು ಸೇರಿಸುತ್ತಾರಾ ಎಂದು ದೊಡ್ಡವರು ಕೇಳಿದರು.

ಅವರ ಕಥೆಯ ಚಿತ್ರವನ್ನು ಯಾರೂ ಮಾಡಿಲ್ಲ. ನೀವು ಯಾವುದನ್ನೇ ತೋರಿಸಿ, ಅವರಂಥವರು ಬರುವ ಹೊತ್ತಿಗೆ ತೋರಿಸಿ.

ವಿರಾಜಪೇಟೆಯ ನಿವೃತ್ತ ಶಿಕ್ಷಕಿ

ತಂಗಿ, ಮೂಟೆ ಸರಿಸಿದ ಇಬ್ಬರು ಹೆಂಗಸರು ಹೊರಗೆ ಜನರೇಟರಿನ ಹತ್ತಿರ ಕುಳಿತಿದ್ದರು. ನಾನು ಕರೆಯಲಿಲ್ಲ. ಕರೆಯಬೇಕಿತ್ತು.

ಗೋಣಿಕೊಪ್ಪಲಿನ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ನಾವು ಆರು ಜನ ‘ಸಂಚಾರಂ’ ನೋಡಿದೆವು, ಅದನ್ನೇ ತೋರಿಸುತ್ತೇವೆ. ಅನುಮತಿಗೆ ಪತ್ರ ಬರೆದಿದ್ದೇನೆ. ನಮ್ಮಲ್ಲಿ ಅರ್ಧದಷ್ಟು ಜನರಿಗೆ ಮಲಯಾಳಂ ಕಿವಿಗೆ ಪರಿಚಿತ. ಉಳಿದವರಿಗೆ ಶಿಕ್ಷಕಿಯವರು ಬಂದು ಕನ್ನಡದಲ್ಲಿ ಹೇಳಲು ಒಪ್ಪುವರೇ? ದಿನವನ್ನು ಭಾನುವಾರಕ್ಕೆ ಬದಲಾಯಿಸಿದ್ದೇವೆ. ಅಂದು ಸಂತೆಗೆ ತೋಟದ ಹೆಂಗಸರು ಹೇಗೂ ಬರುತ್ತಾರೆ. ಎಷ್ಟು ಗಂಟೆಗೆ ಆರಂಭಿಸಿದರೆ ಸಿದ್ದಾಪುರದ ಕೊನೆಯ ಬಸ್ಸಿಗೆ ಮುಂಚೆ, ಒಂದು ಗಂಟೆಯ ಮಾತನ್ನೂ ಸೇರಿಸಿ, ಮುಗಿಯಬಹುದೆಂದು ಸಿದ್ದಾಪುರದ ತಂಗಿ ತಿಳಿಸಬೇಕು.

ಸೋಮವಾರಪೇಟೆ, ಅಡಿಬರಹ ಮಾಡಿದವರಲ್ಲಿ ಒಬ್ಬಳು

ಅಡಿಬರಹವನ್ನು ನಾವು ಮಾಡಿಕೊಡುತ್ತೇವೆ. ಪಕ್ಕದಲ್ಲಿ ನಿಂತು ಹೇಳುವುದು ಬೇಡವೆಂದು ನಾನು ಇನ್ನೂ ಹೇಳುತ್ತೇನೆ.

ಸಿದ್ದಾಪುರ, ಲೈನ್ ಮನೆಯಲ್ಲಿ ಬೆಳೆದವಳು

ಎರಡೂ ಇರಲಿ, ಮೇಡಂ. ನನ್ನ ಅಮ್ಮನಿಗೆ ಓದು ಬರುವುದಿಲ್ಲ. ಹನ್ನೊಂದಕ್ಕೆ ಆರಂಭಿಸಿ. ಸಂತೆಯ ಚೀಲಗಳನ್ನು ಇಡಲು ಒಳಗೆ ಒಂದು ಜಾಗ ಬಿಡಿ.