ಕೇಬಲ್ ನೆಟ್ ಪದೇ ಪದೇ ಕಟ್ ಆಗುತ್ತಿದೆ, ವೇಗ 1000ದಿಂದ 100ಕ್ಕೆ ಇಳಿಯುತ್ತಿದೆ (ಉಬುಂಟು, ರಿಯಲ್‌ಟೆಕ್)

ಪ್ರಶ್ನೆ

ನಮಸ್ಕಾರ. ಡೆಸ್ಕ್‌ಟಾಪ್‌ನಲ್ಲಿ ಉಬುಂಟು 24.04 ಇದೆ. ಮದರ್‌ಬೋರ್ಡ್‌ನಲ್ಲೇ ಇರುವ ರಿಯಲ್‌ಟೆಕ್ 8111 ಪೋರ್ಟ್, ಡ್ರೈವರ್ ಆರ್8169. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ನೆಟ್ ಹೋಗಿ, ಮೂರ್ನಾಲ್ಕು ಸೆಕೆಂಡಿನಲ್ಲಿ ತಾನಾಗಿಯೇ ಬರುತ್ತದೆ. ಕೆಲವು ಸಲ ಬಂದಾಗ ವೇಗ 1000 ಮೆಗಾಬಿಟ್ (ಒಂದು ಗಿಗಾಬಿಟ್) ಇರುವುದಿಲ್ಲ, 100 ಇರುತ್ತದೆ. ಅದೇ ರೂಟರ್‌ನ ವೈಫೈ ಚೆನ್ನಾಗಿದೆ. ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದೆ, ನೆಟ್‌ವರ್ಕ್‌ಮ್ಯಾನೇಜರ್ ತೆಗೆದು ಮತ್ತೆ ಹಾಕಿದೆ, ಐಪಿ ವಿಳಾಸ ಕೈಯಾರೆ ಕೊಟ್ಟೆ. ಏನೂ ಪ್ರಯೋಜನವಾಗಲಿಲ್ಲ. ತೊಂದರೆ ಡ್ರೈವರ್‌ನದೋ, ಕೇಬಲ್‌ನದೋ?

ಉತ್ತರ 1

ಡಿಎನ್‌ಎಸ್ ಕಡೆ ಇನ್ನು ನೋಡಬೇಡಿ. ಮೊದಲು ತಿಳಿಯಬೇಕಾದ್ದು ಒಂದೇ: ಲಿಂಕೇ (ಪೋರ್ಟ್ ಮತ್ತು ರೂಟರ್ ನಡುವಿನ ತಂತಿ ಸಂಪರ್ಕ) ಬೀಳುತ್ತಿದೆಯೋ, ಲಿಂಕ್ ಇದ್ದೂ ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋಗುತ್ತಿದೆಯೋ? ಸಿಸ್ ಫೋಲ್ಡರ್‌ನೊಳಗೆ ಕ್ಲಾಸ್, ಅದರೊಳಗೆ ನೆಟ್, ಅಲ್ಲಿ ನಿಮ್ಮ ಇಂಟರ್‌ಫೇಸ್ (ಸಿಸ್ಟಂ ಗುರುತಿಸುವ ನೆಟ್ ಪೋರ್ಟ್) ಹೆಸರಿನ ಫೋಲ್ಡರ್‌ನಲ್ಲಿ 'ಕ್ಯಾರಿಯರ್ ಚೇಂಜಸ್' ಎಂಬ ಫೈಲ್ ಇದೆ. ಈಗ ಓದಿ, ನೆಟ್ ಕಟ್ ಆದಮೇಲೆ ಮತ್ತೆ ಓದಿ. ಒಂದು ಸಲ ಬಿದ್ದು ಎದ್ದರೆ ಸಂಖ್ಯೆ ಎರಡು ಹೆಚ್ಚುತ್ತದೆ. ಹೆಚ್ಚಿದ್ದರೆ ತೊಂದರೆ ಕೇಬಲ್, ಪೋರ್ಟ್, ಡ್ರೈವರ್ ಈ ಮೂರರಲ್ಲೇ ಇದೆ. ನೀವು ಹೇಳಿದ ಮೂರ್ನಾಲ್ಕು ಸೆಕೆಂಡೂ ಅದಕ್ಕೇ ಹೊಂದುತ್ತದೆ, ಎರಡು ತುದಿಗಳು ವೇಗವನ್ನು ಹೊಸದಾಗಿ ಮಾತಾಡಿಕೊಳ್ಳಲು ಅಷ್ಟು ಹೊತ್ತು ಬೇಕು.

ಆಮೇಲೆ ಕರ್ನಲ್ (ಸಿಸ್ಟಂನ ತಿರುಳು) ಬರೆದಿಡುವ ಲಾಗ್‌ನಲ್ಲಿ 'ಲಿಂಕ್ ಈಸ್ ಅಪ್' ಸಾಲು ಹುಡುಕಿ. 100ರ ಪಕ್ಕದಲ್ಲಿ 'ಡೌನ್‌ಶಿಫ್ಟೆಡ್' ಎಂದಿದ್ದರೆ, ಎರಡೂ ಕಡೆ ಗಿಗಾಬಿಟ್‌ಗೆ ಒಪ್ಪಿಯೂ ತಂತಿ ಕೈಕೊಟ್ಟಿದೆ ಎಂದರ್ಥ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು. 100ಕ್ಕೆ 1, 2, 3, 6ನೇ ಪಿನ್ನುಗಳ ಎರಡು ಜೋಡಿ ಸಾಕು. ಹಾಗಾಗಿ ಅನುಮಾನ 4-5 (ನೀಲಿ) ಮತ್ತು 7-8 (ಕಂದು) ಜೋಡಿಗಳ ಮೇಲೆ.

ಸಾಬೀತು ಮಾಡಿಕೊಳ್ಳಲು ಎತ್‌ಟೂಲ್ ಎಂಬ ಆಜ್ಞೆಗೆ (ನೆಟ್ ಪೋರ್ಟ್‌ನ ಸೆಟ್ಟಿಂಗ್ ನೋಡಲು, ಬದಲಿಸಲು ಇರುವುದು) ಚಿಕ್ಕಕ್ಷರದ ಎಸ್ ಆಯ್ಕೆ, ಇಂಟರ್‌ಫೇಸ್ ಹೆಸರು, 'ಅಡ್ವರ್ಟೈಸ್ 0x008' ಕೊಡಿ. ಆಗ ಪೋರ್ಟ್ 100 ಫುಲ್ ಡ್ಯೂಪ್ಲೆಕ್ಸ್ (ಒಂದೇ ಹೊತ್ತಿಗೆ ಕಳಿಸುವುದು, ಪಡೆಯುವುದು ಎರಡೂ) ಒಂದನ್ನೇ ಘೋಷಿಸುತ್ತದೆ. ಒಂದು ಗಂಟೆ ಗಟ್ಟಿಯಾಗಿ ನಿಂತರೆ ಮೊದಲು ಕೇಬಲ್ ಬದಲಿಸಿ.

ದಯವಿಟ್ಟು ಆಟೋನೆಗೋಷಿಯೇಷನ್ (ಎರಡು ತುದಿಗಳ ವೇಗದ ಮಾತುಕತೆ) ಆಫ್ ಮಾಡಿ 1000ಕ್ಕೆ ಬಲವಂತ ಮಾಡಬೇಡಿ. ತಾಮ್ರದ ಗಿಗಾಬಿಟ್‌ನಲ್ಲಿ ಯಾವ ತುದಿ ಗಡಿಯಾರ ನಡೆಸಬೇಕು ಎಂಬುದೂ ಆ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ. 100ರಲ್ಲಿ ಒಂದೇ ಕಡೆ ಆಫ್ ಮಾಡಿದರೆ ಇನ್ನೊಂದು ತುದಿ ಹಾಫ್ ಡ್ಯೂಪ್ಲೆಕ್ಸ್‌ಗೆ (ಒಂದು ಹೊತ್ತಿಗೆ ಒಂದೇ ದಿಕ್ಕು) ಬೀಳುತ್ತದೆ. ಆಗ ಪಿಂಗ್ ಚೆನ್ನಾಗೇ ಇರುತ್ತದೆ, ಫೈಲ್ ಕಾಪಿ ಮಾತ್ರ ತೆವಳುತ್ತದೆ.

ಉತ್ತರ 2

ಕೇಬಲ್ ಟೆಸ್ಟರ್‌ನಲ್ಲಿ ಎಂಟೂ ದೀಪ ಹೊತ್ತಿದವು ಎಂದು ಕೇಬಲ್ಲನ್ನು ನಂಬಬೇಡಿ. ಕೈಯಲ್ಲಿ ಕ್ರಿಂಪ್ ಮಾಡಿದ (ತಂತಿಗೆ ಪ್ಲಗ್ ಒತ್ತಿ ಕೂರಿಸಿದ) ಕೇಬಲ್ ಆದರೆ ಪ್ಲಗ್‌ನ ಪಾರದರ್ಶಕ ಭಾಗವನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಹಸಿರು ಜೋಡಿ 3 ಮತ್ತು 6ರಲ್ಲಿ, ನೀಲಿಯ ಆಚೀಚೆ ಕೂರಬೇಕು. ಜೋಡಿಗಳನ್ನು ಸಾಲಾಗಿ ಜೋಡಿಸಿದರೂ ಟೆಸ್ಟರ್ ಪಾಸ್ ಅನ್ನುತ್ತದೆ. ಆದರೆ 3 ಮತ್ತು 6 ಬೇರೆ ಬೇರೆ ಹೊಸೆತದ ತಂತಿಗಳಾಗಿ, ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ತುದಿಯಲ್ಲಿ ಹೊಸೆತ ಬಿಚ್ಚಿದ ಉದ್ದವೂ 13 ಮಿಲಿಮೀಟರ್ ದಾಟಬಾರದು.

ಪ್ರಶ್ನೆ ಕೇಳಿದವರು

ಲಾಗ್‌ನಲ್ಲಿ 'ಡೌನ್‌ಶಿಫ್ಟೆಡ್' ಇತ್ತು. ಫ್ಯಾಕ್ಟರಿಯ ಕ್ಯಾಟ್6 ಕೇಬಲ್ ಹಾಕಿದ ಮೇಲೆ ವೇಗ 1000ದಲ್ಲೇ ನಿಂತಿದೆ. ಎತ್‌ಟೂಲ್‌ನ ದೊಡ್ಡಕ್ಷರದ ಎಸ್ ಆಯ್ಕೆಯಲ್ಲಿ ಆರ್‌ಎಕ್ಸ್ ಎರರ್ಸ್, ಅಲೈನ್ ಎರರ್ಸ್ (ಹಾಳಾಗಿ ಬಂದ ಪ್ಯಾಕೆಟ್‌ಗಳ ಎಣಿಕೆ) ಎರಡೂ ಸೊನ್ನೆ. ಆದರೆ ದಿನಕ್ಕೆ ಒಂದೆರಡು ಸಲ ಈಗಲೂ ನಿಲ್ಲುತ್ತದೆ. ಆಗ ಲಾಗ್‌ನಲ್ಲಿ 'ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್' ಎಂದು ಬರುತ್ತದೆ.

ಉತ್ತರ 3

ಹಾಗಾದರೆ ನಿಮ್ಮಲ್ಲಿ ತೊಂದರೆ ಎರಡಿದ್ದವು, ಒಂದು ಹೋಯಿತು. ಈ ಸಾಲಿನ ಅರ್ಥ, ಕಾರ್ಡ್‌ಗೆ ಕೊಟ್ಟ ಪ್ಯಾಕೆಟ್ ಹೊರಗೆ ಹೋಗಲೇ ಇಲ್ಲ, ಕಾದೂ ಕಾದು ಕರ್ನಲ್ ಎಚ್ಚರಿಸಿದೆ ಎಂದು. ಈ ಚಿಪ್‌ನಲ್ಲಿ ಇದಕ್ಕೆ ಮೊದಲ ಅನುಮಾನ ಪಿಸಿಐ ಎಕ್ಸ್‌ಪ್ರೆಸ್‌ನ ವಿದ್ಯುತ್ ಉಳಿತಾಯ, ಅಂದರೆ ಎಎಸ್‌ಪಿಎಂ. ರೀಬೂಟ್ ಇಲ್ಲದೆ ಪರೀಕ್ಷಿಸಬಹುದು: ಅದೇ ಇಂಟರ್‌ಫೇಸ್ ಫೋಲ್ಡರ್‌ನೊಳಗೆ ಡಿವೈಸ್, ಅದರೊಳಗೆ ಲಿಂಕ್, ಅಲ್ಲಿ 'ಎಲ್1 ಎಎಸ್‌ಪಿಎಂ' ಫೈಲ್ ಇದ್ದರೆ ರೂಟ್ ಆಗಿ 0 ಬರೆಯಿರಿ. ಎರಡು ದಿನ ನೋಡಿ.

ಆ ಫೈಲ್ ಇಲ್ಲದಿದ್ದರೆ ಗ್ರಬ್‌ನ (ಬೂಟ್ ಆಗುವಾಗ ಕರ್ನಲ್ ಎಬ್ಬಿಸುವ ಪ್ರೋಗ್ರಾಂ) ಕರ್ನಲ್ ಸಾಲಿಗೆ 'ಪಿಸಿಐಇ ಎಎಸ್‌ಪಿಎಂ ಆಫ್' ಆಯ್ಕೆ ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ, ರೀಬೂಟ್ ಮಾಡಿ. ಡೆಸ್ಕ್‌ಟಾಪ್‌ಗೆ ಇದರಿಂದ ನಷ್ಟವಿಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಬೇಗ ಇಳಿಯುತ್ತದೆ.

ವಾಚ್‌ಡಾಗ್ ಸಾಲು ಇಲ್ಲದೆ ಬರೀ ಲಿಂಕ್ ಬೀಳುವವರು ಎತ್‌ಟೂಲ್‌ನ ಸೆಟ್-ಇಇಇ ಆಯ್ಕೆಯಿಂದ ಇಇಇ ಆಫ್ ಮಾಡಿ ನೋಡಿ. ಇದು ತಂತಿ ಕಡೆಯ ವಿದ್ಯುತ್ ಉಳಿತಾಯ, ಕೆಲವು ಸ್ವಿಚ್‌ಗಳ ಜೊತೆ ಹೊಂದುವುದಿಲ್ಲ. ಆಫ್ ಮಾಡಿದ ಕ್ಷಣ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ, ಗಾಬರಿಯಾಗಬೇಡಿ. ಫೈಲ್‌ಗೆ ಬರೆದ 0 ಆಗಲಿ, ಎತ್‌ಟೂಲ್‌ನ ಬದಲಾವಣೆಯಾಗಲಿ ರೀಬೂಟ್ ಆದರೆ ಉಳಿಯುವುದಿಲ್ಲ. ಫಲ ಸಿಕ್ಕರೆ ನೆಟ್‌ವರ್ಕ್‌ಮ್ಯಾನೇಜರ್‌ನ ಡಿಸ್ಪ್ಯಾಚರ್ ಫೋಲ್ಡರ್‌ನಲ್ಲಿ (ನೆಟ್ ಬಂದಾಗ ಅಲ್ಲಿರುವುದು ತಾನಾಗಿ ಓಡುತ್ತದೆ) ಸ್ಕ್ರಿಪ್ಟ್ ಮಾಡಿಡಿ. ಅದರ ಒಡೆತನ ರೂಟ್‌ನದಿರಬೇಕು, ಓಡಿಸುವ ಅನುಮತಿಯೂ ಬೇಕು.

ರಿಯಲ್‌ಟೆಕ್‌ನ ಆರ್8168 ಡ್ರೈವರ್ ಕೊನೆಗೆ ಇರಲಿ. ಅದು ಕರ್ನಲ್‌ನ ಭಾಗವಲ್ಲ, ಹೊಸ ಕರ್ನಲ್ ಬಂದಾಗ ಬಿಲ್ಡ್ ಆಗದೆ ಹೋದರೆ ಪೋರ್ಟೇ ಇಲ್ಲದಂತಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ವಾಚ್‌ಡಾಗ್ ಸಾಲು ಮತ್ತೆ ಬಂದರೆ ಸಮಯದ ಸಮೇತ ಇಲ್ಲಿ ಹಾಕಿ.