‘ಕಡಲಿನ ಅತಿ ದೊಡ್ಡ ಮೀನು’ ಎಂಬ ಸುಳಿವಿಗೆ ‘ತಿಮಿಂಗಿಲ’ ಸರಿಯುತ್ತರವೇ?

ಎಲ್ಲರಿಗೂ ನಮಸ್ಕಾರ.

ಸಾಮಾನ್ಯ ಜ್ಞಾನದ ಪದಬಂಧವೊಂದರಲ್ಲಿ ಕಂಡ ಸುಳಿವು ಇದು: ‘ಕಡಲಿನ ಅತಿ ದೊಡ್ಡ ಮೀನು’, ನಾಲ್ಕು ಅಕ್ಷರ. ಕೊಟ್ಟಿದ್ದ ಉತ್ತರ ತಿಮಿಂಗಿಲ. ತಿಮಿಂಗಿಲ ಮರಿಗೆ ಹಾಲೂಡಿಸುವ, ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಿಮಿಂಗಿಲ ಶಾರ್ಕ್. ಸುಳಿವು ತಪ್ಪು ಎಂದು ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಪದದ ಮೂಲಕ್ಕೆ ಹೋದರೆ ತೀರ್ಪು ಕೊಡುವುದು ಕಷ್ಟ.

ಸಂಸ್ಕೃತದಲ್ಲಿ ‘ತಿಮಿ’ ಎಂದರೆ ಭಾರೀ ಗಾತ್ರದ ಮೀನು. ಆ ತಿಮಿಯನ್ನೇ ನುಂಗುವಂಥದ್ದು ತಿಮಿಂಗಿಲ. ಅದನ್ನೂ ನುಂಗುವ ‘ತಿಮಿಂಗಿಲಗಿಲ’ ಎಂಬುದೂ ಉಂಟು. ಅಂದರೆ ಪದ ಹುಟ್ಟಿದ್ದೇ ಮಹಾಮತ್ಸ್ಯದ ಹೆಸರಾಗಿ. ಹಳೆಯ ಅರ್ಥ ಹಿಡಿದರೆ ಸುಳಿವು ಸರಿ, ಇಂದಿನ ಅರ್ಥ ಹಿಡಿದರೆ ತಪ್ಪು. ನನ್ನ ಮಟ್ಟಿಗೆ ಸಾಮಾನ್ಯ ಜ್ಞಾನದ ಪದಬಂಧ ಕೇಳುವುದು ಲೋಕದ ಸಂಗತಿಯನ್ನು, ಕೋಶದ ಅರ್ಥವನ್ನಲ್ಲ. ಹಾಗಾಗಿ ಇಂದಿನ ಅರ್ಥವೇ ಗೆಲ್ಲಬೇಕು. ಹಳೆಯ ಅರ್ಥವೇ ಬೇಕೆಂದಿದ್ದರೆ ‘ತಿಮಿಯನ್ನು ನುಂಗುವುದು’ ಎಂದೇ ಕೇಳಬಹುದಲ್ಲ, ಎಷ್ಟು ಸೊಗಸಾದ ಸುಳಿವು ಅದು!

ಇದೇ ತೊಡಕು ಜೇಡಕ್ಕೂ ಇದೆ. ‘ಎಂಟು ಕಾಲಿನ ಕೀಟ’ ಎಂದು ಕೇಳುತ್ತಾರೆ. ಕೀಟಕ್ಕೆ ಆರು ಕಾಲು. ಎಂಟು ಕಾಲಿನ ಜೇಡ, ಚೇಳುಗಳ ವರ್ಗವೇ ಬೇರೆ. ಆದರೆ ‘ಎಂಟು ಕಾಲಿನ ಹುಳ’ ಎಂದರೆ ಯಾರೂ ತಕರಾರು ತೆಗೆಯಲಾರರು. ‘ಕೀಟ’ವನ್ನು ಪಠ್ಯಪುಸ್ತಕಗಳು ಬಿಗಿಯಾದ ಪಾರಿಭಾಷಿಕ ಪದವಾಗಿ ಮಾಡಿಕೊಂಡಿವೆ, ‘ಹುಳ’ ಮಾತ್ರ ಇನ್ನೂ ಮನೆಮಾತಿನಲ್ಲಿ ಸಡಿಲವಾಗಿಯೇ ಉಳಿದಿದೆ. ಈ ಸಡಿಲ ಪದಗಳು ಸುಳಿವು ಬರೆಯುವವರಿಗೆ ದೊಡ್ಡ ಆಸರೆ. ‘ಮೀನು’ ಎಂಬಲ್ಲಿ ಮಾತ್ರ ಕೈಕಟ್ಟಿದ ಹಾಗಾಗುತ್ತದೆ. ಆಡುಮಾತಿಗೂ ಅದೇ ಪದ, ವಿಜ್ಞಾನಕ್ಕೂ ಅದೇ.

‘ಎತ್ತರ’ವನ್ನು ತೆಗೆದುಕೊಳ್ಳಿ. ‘ಲೋಕದ ಅತಿ ಎತ್ತರದ ಪರ್ವತ’, ನಾಲ್ಕು ಅಕ್ಷರ. ಎವರೆಸ್ಟ್ ಎಂದು ತುಂಬಿಸುತ್ತೇವೆ. ಸಮುದ್ರ ಮಟ್ಟದಿಂದ ಅದು 8,849 ಮೀಟರ್. ಹವಾಯಿಯ ಮೌನಾಕೇಯ ಪರ್ವತ ಸಮುದ್ರ ಮಟ್ಟದಿಂದ 4,207 ಮೀಟರ್ ಅಷ್ಟೇ. ಆದರೆ ಕಡಲ ತಳದಲ್ಲಿರುವ ಬುಡದಿಂದ ಅಳೆದರೆ 10,000 ಮೀಟರ್ ಮೀರುತ್ತದೆ. ಹೀಗೆ ಬರೆದರೆ ಅದಕ್ಕೂ ನಾಲ್ಕೇ ಚೌಕ! ಆಳು ಎಷ್ಟು ಎತ್ತರ ಎನ್ನುವಾಗ ಬುಡದಿಂದ ತುದಿಯ ಅಳತೆ ಹೇಳುತ್ತೇವೆ. ಊರು ಎಷ್ಟು ಎತ್ತರದಲ್ಲಿದೆ ಎನ್ನುವಾಗ ಸಮುದ್ರ ಮಟ್ಟದಿಂದ ಲೆಕ್ಕ ಹಿಡಿಯುತ್ತೇವೆ. ಒಂದೇ ಪದ ಎರಡೂ ಕೆಲಸ ಮಾಡುತ್ತಿರುವಾಗ ‘ಸಮುದ್ರ ಮಟ್ಟದಿಂದ’ ಎಂದು ಸೇರಿಸದೆ ಸುಳಿವು ಪೂರ್ತಿಯಾಗುವುದಿಲ್ಲ.

‘ಅತಿ ದೊಡ್ಡ ಮರುಭೂಮಿ’ಗೆ ಸಹಾರಾ ಎಂಬ ಉತ್ತರವೂ ಹಾಗೆಯೇ. ಮಳೆ ಹಿಮಗಳ ಅಭಾವವನ್ನೇ ಲಕ್ಷಣವೆಂದು ಹಿಡಿದರೆ ಅಂಟಾರ್ಕ್ಟಿಕಾ ಅದಕ್ಕಿಂತ ದೊಡ್ಡದು. ‘ಮರು’ ಎಂದರೂ ನೀರಿಲ್ಲದ ನೆಲವೇ, ಮರಳಿನ ಮಾತು ಅದರಲ್ಲಿಲ್ಲ. ‘ಮರಳುಗಾಡು’ ಎಂದು ಬದಲಿಸಿ ಪಾರಾಗೋಣವೆಂದರೆ ಸಹಾರಾದ ಬಹುಭಾಗ ಕಲ್ಲು, ಜಲ್ಲಿ. ಎಡೆಬಿಡದೆ ಹಬ್ಬಿದ ಅತಿ ದೊಡ್ಡ ಮರಳ ರಾಶಿ ಅರೇಬಿಯಾದ ರಬ್ ಅಲ್ ಖಾಲಿ. ‘ಅತಿ ದೊಡ್ಡ ಬಿಸಿ ಮರುಭೂಮಿ’ ಎಂದರೆ ಸಹಾರಾ ನಿಲ್ಲುತ್ತದೆ.

ಈ ‘ಅತಿ’ ಇಲ್ಲದೆಯೂ ಒಳ್ಳೆಯ ಸುಳಿವು ಕಟ್ಟಬಹುದು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅವರ ಮೊದಲ ಪದಬಂಧ ಬಂತಲ್ಲ, ವಜ್ರಾಕಾರದ್ದು, ಅದರಲ್ಲಿ ‘ರಷ್ಯಾದ ಒಂದು ನದಿ’ ಎಂಬ ಸುಳಿವಿತ್ತು, ಉತ್ತರ ನೆವಾ. ರಷ್ಯಾದಲ್ಲಿ ವೋಲ್ಗಾ, ಡಾನ್, ಓಬ್ ಎಲ್ಲವೂ ಇವೆ. ಆದರೂ ಸುಳಿವಿನಲ್ಲಿ ಸುಳ್ಳಿಲ್ಲ. ಯಾವುದೆಂದು ತೀರ್ಮಾನಿಸುವ ಕೆಲಸವನ್ನು ಅಕ್ಷರಗಳಿಗೆ ಬಿಟ್ಟಿದೆ. ‘ಒಂದು’ ಎಂಬ ಪುಟ್ಟ ಪದಕ್ಕೆ ಅಷ್ಟು ಬಲ.

ಈಗ ನನ್ನ ಪ್ರಶ್ನೆಗಳು. ತಿಮಿಂಗಿಲಕ್ಕೆ ‘ಜಲಚರ’ ಎಂದು ಸುಳಿವು ಕೊಡಬಹುದು, ಆದರೆ ಮೊಸಳೆ, ಏಡಿಗಳೂ ಅದರೊಳಗೆ ಬರುತ್ತವೆ. ‘ಕಡಲ ಸಸ್ತನಿ’ ಎಂದರೆ ಖಚಿತ; ಉತ್ತರ ಮಾತ್ರ ಕಣ್ಣಿಗೆ ಕಟ್ಟಿದಂತಾಗಿ ಬಿಡಿಸುವ ಸುಖವೇ ಹೋಗುತ್ತದೆ. ‘ಹುಳ’ದಂತೆ ಸಡಿಲವಾಗಿದ್ದು ನೀರಿನ ದೊಡ್ಡ ಜೀವಿಗಳಿಗೆಲ್ಲ ಒಪ್ಪುವ ಅಚ್ಚಗನ್ನಡದ ಪದ ನಿಮ್ಮ ಕಡೆಯ ಮಾತಿನಲ್ಲಿದೆಯೇ? ಕರಾವಳಿಯವರು ದಯವಿಟ್ಟು ತಿಳಿಸಿ.

ಇನ್ನೊಂದು ಕಾಗುಣಿತದ್ದು. ಹಲವರು ‘ತಿಮಿಂಗಲ’ ಎಂದೂ ಬರೆಯುತ್ತಾರೆ. ನುಂಗು ಎಂಬ ಅರ್ಥದ ‘ಗಿಲ’ ಇರುವುದರಿಂದ ‘ಗಿ’ಯೇ ಸಾಧು ಎಂದು ನನ್ನ ಎಣಿಕೆ. ಆದರೆ ಮೂರನೆಯ ಚೌಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಪದವೊಂದು ಹಾಯ್ದರೆ ‘ಗ’ ಬರೆದವರಿಗೆ ಆ ಪದವೂ ಕೆಡುತ್ತದೆ. ಬಳಕೆಯಲ್ಲಿ ಎರಡೂ ರೂಪ ಇರುವಾಗ ಪದಬಂಧ ರಚಿಸುವವರು ಆ ಚೌಕವನ್ನು ಹಾಯದೆ ಬಿಡಬೇಕೇ, ಅಥವಾ ಸಾಧುರೂಪವನ್ನೇ ಗಟ್ಟಿಯಾಗಿ ಹಿಡಿಯಬೇಕೇ?