ರೋಗನಿರೋಧಕ ಸಂಕೇತವೋ, ಸೂಕ್ಷ್ಮಜೀವಿಗಳ ಚಯಾಪಚಯವೋ?

ಪ್ರಶ್ನೆ:
ದಾವಣಗೆರೆಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸುತ್ತಿರುವ ನನ್ನನ್ನು ರೋಗನಿರೋಧಕ ಕೋಶಗಳ ಸಂಕೇತ ವ್ಯವಸ್ಥೆ, ಸೂಕ್ಷ್ಮಜೀವಿಗಳ ಚಯಾಪಚಯ ಎರಡೂ ಸಮನಾಗಿ ಸೆಳೆಯುತ್ತಿವೆ. ಪಿಎಚ್.ಡಿ.ಯಲ್ಲಿ ಎರಡನ್ನೂ ಕೂಡಿಸಲು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಖಂಡಿತ ಸಾಧ್ಯ, ಇಂದು ಅತ್ಯಂತ ಫಲವತ್ತಾದ ನೆಲ ಅದೇ ಎಂಬುದು ನನ್ನ ದೃಢ ಅಭಿಪ್ರಾಯ. ಬ್ಯಾಕ್ಟೀರಿಯಾದ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಎಂಬ ಕೊಬ್ಬು-ಸಕ್ಕರೆಯ ಅಣುವನ್ನು ರೋಗನಿರೋಧಕ ಕೋಶಗಳ ಮೇಲಿನ ಟಿಎಲ್‌ಆರ್4 ಗ್ರಾಹಕವು ಗುರುತಿಸಿದಾಗ, 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ವರದಿ ಮಾಡಿದ ಎನ್‌ಎಫ್-ಕಪ್ಪಾ-ಬಿ ಪ್ರೋಟೀನು ಕೋಶಕೇಂದ್ರವನ್ನು ಸೇರಿ ಉರಿಯೂತದ ಜೀನ್‌ಗಳನ್ನು ಎಚ್ಚರಿಸುತ್ತದೆ. ಹೀಗೆ ಎಚ್ಚೆತ್ತ ಮ್ಯಾಕ್ರೋಫೇಜ್ ಕೋಶವು (ರೋಗಾಣುಗಳನ್ನು ನುಂಗುವ ರೋಗನಿರೋಧಕ ಕೋಶ) ತಯಾರಿಸುವ ಇಟಕೋನೇಟ್ ಎಂಬ ಸಣ್ಣ ಅಣು, ಕ್ಷಯದ ಬ್ಯಾಕ್ಟೀರಿಯಾ ಕೊಬ್ಬಿನಾಮ್ಲಗಳನ್ನು ಉಂಡು ಬದುಕಲು ನೆಚ್ಚಿಕೊಂಡಿರುವ ಐಸೋಸಿಟ್ರೇಟ್ ಲಯೇಸ್ ಕಿಣ್ವವನ್ನೇ ತಡೆಯಬಲ್ಲದು. ಸಂಕೇತ ಎಲ್ಲಿ ಮುಗಿಯಿತು, ಚಯಾಪಚಯ ಎಲ್ಲಿ ಆರಂಭವಾಯಿತು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ.

ಉತ್ತರ 2:
ಎರಡೂ ಕೂಡುವ ಇನ್ನೊಂದು ಉದಾಹರಣೆ: ನಾವು ಉಣ್ಣುವ ಜೋಳ, ನವಣೆಯ ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯೂಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲವನ್ನು ಉತ್ಪಾದಿಸುತ್ತವೆ (ಬೆಣ್ಣೆದೋಸೆಯ ಊರಿನವರಿಗೆ ಹಿತವೆನಿಸುವ ಸಂಗತಿಯೆಂದರೆ, ಆ ಹೆಸರಿನ ಮೂಲ ಬೆಣ್ಣೆಯೇ). ಬ್ಯೂಟಿರೇಟ್, ರೋಗನಿರೋಧಕ ಪ್ರತಿಕ್ರಿಯೆ ಮಿತಿಮೀರದಂತೆ ತಡೆಯುವ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುತ್ತದೆಂದು 2013ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು.

ಉತ್ತರ 3:
ಪ್ರಯೋಗಾಲಯವನ್ನು ಆರಿಸುವಾಗ, ಆಮ್ಲಜನಕವಿಲ್ಲದೆ ಬ್ಯಾಕ್ಟೀರಿಯಾ ಬೆಳೆಸುವ ಸೌಲಭ್ಯವೂ ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರೂ ಅಲ್ಲಿವೆಯೇ ಎಂದು ಮೊದಲೇ ವಿಚಾರಿಸಿರಿ.